ಕೊನೆಯ ಪದಕ್ಕೆ ಬಿಟ್ಟ ಜಾಗ

ಮೈಕ್ ಸೆಟ್ಟಿನ ಪ್ರೇಮಕುಮಾರ ಬೇವಿನ ಟೊಂಗೆಗೆ ಭೋಂಗಾ ಬಿಗಿದು, ಕೆಳಗೆ ಜಿಗಿದು, ಸೀಡಿ ಹಾಕಿ ಗುಂಡಿ ಒತ್ತಿದ. ಹೊರ್ತಿಯ ಆ ಓಣಿಯ ತುಂಬ ಚಂದವ್ವನ ದನಿ ಎದ್ದಿತು. ದನಿ ಎದ್ದದ್ದೇನೋ ಸರಿ, ಆದರೆ ಎದ್ದ ಪದ ಬೀಗರ ಊಟದ್ದು. ಗಂಡಿನ ಕಡೆಯವರ ಹೊಟ್ಟೆಗಳನ್ನು ಕಾಳು ತುಂಬುವ ಹಗೇವಿಗೆ ಹೋಲಿಸಿ, ಅವರ ಸೋದರತ್ತೆಯ ಮೂಗನ್ನು ಒಣಮೆಣಸಿನಕಾಯಿ ಅಂತ ಕರೆದು ಹಾಡುವ ಪದ. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದ ಚಂದವ್ವನ ಹಣೆಗೆ ಮಠದ ಅಯ್ಯನವರು ಆಗಷ್ಟೇ ವಿಭೂತಿ ಹಚ್ಚಿ ಮುಗಿಸಿದ್ದರು. ಸುತ್ತ ಕೂತು ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅಳುವಿಗೋ ನಗುವಿಗೋ ದೇವರೇ ಬಲ್ಲ.

"ಬಂದ್ ಮಾಡೋ ಭಾಡ್ಯಾ," ಎಂದಳು ದುರ್ಗವ್ವ. ಅವಳು ಚಂದವ್ವನ ಗಂಡನ ಅಕ್ಕ, ಆ ಮನೆಯಲ್ಲಿ ಉಳಿದ ಹಿರಿಯಳು. "ಹೆಣದ ಮುಂದ ಬೀಗರ ಪದಾ ಹಚ್ಚತಾರೇನು?"

ಪ್ರೇಮಕುಮಾರನ ತಪ್ಪೇನೂ ಇರಲಿಲ್ಲ, ಪಾಪ. ಸತ್ತವಳ ದನಿ ಅವಳ ಮನೆಯ ಮುಂದೆ ಕೇಳಿಸಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದ. ಆ ಸೀಡಿ ಮಾಡಿದ ಪುಣ್ಯಾತ್ಮ ಯಾರೋ ಹಳೆಯ ಕ್ಯಾಸೆಟ್ಟಿನ ಪದಗಳನ್ನು ಕಿತ್ತು ಕೈಗೆ ಬಂದಂತೆ ಹಾಕಿದ್ದ. ಅದರಲ್ಲಿ ಮದುಮಗಳು ಮೊದಲು ಉಣ್ಣುತ್ತಿದ್ದಳು, ಆಮೇಲೆ ಅರಿಶಿಣ ಹಚ್ಚಿಸಿಕೊಳ್ಳುತ್ತಿದ್ದಳು. ಕೇಳುವವರಿಗೂ ಯಾವುದಾದರೇನು, ದನಿ ಚಂದವ್ವನದು ಅಂದರೆ ಮುಗಿಯಿತು.

ಚಂದವ್ವನ ಮೈದುನ ಬಸಂತರಾಯ ಎದ್ದು ಬಂದು, ಈ ತಮಾಷೆ ಸಾಕು, ಭಜನೆಯವರು ಬಂದಿದ್ದಾರೆ, ಅವರಿಗೆ ಚಾ ಕೊಡಿ ಎಂದ. ಆಗ ತಾಯಿಯ ಪಕ್ಕದಲ್ಲಿ ಕೂತಿದ್ದ ಯಶೋಧಾ ಮೊದಲ ಬಾರಿಗೆ ಬಾಯಿ ಬಿಟ್ಟಳು. ಬೆಳಗಿನ ಬಸ್ಸಿಗೆ ಸಿಂದಗಿಯ ಗಂಡನ ಮನೆಯಿಂದ ಬಂದವಳು ಅಲ್ಲಿಂದ ಅಲುಗಾಡಿರಲಿಲ್ಲ. ಇಂಡಿಯಿಂದ ಕ್ಯಾಸೆಟ್ ಅಂಗಡಿಯ ಇಬ್ರಾಹಿಂಸಾಬ ಚಾಚಾ ಮೂಲ ಕ್ಯಾಸೆಟ್ಟು ತರುತ್ತಿದ್ದಾರೆ, ಅದನ್ನು ಮೊದಲಿನಿಂದ ಕೊನೆಯವರೆಗೆ ಹಚ್ಚಬೇಕು, ಅದು ಮುಗಿಯುವ ತನಕ ಅವ್ವನನ್ನು ಎತ್ತಕೂಡದು ಎಂದಳು.

ಸೂತಕದ ಮನೆಯಲ್ಲಿ ಸೋಬಾನವೇ ಎಂದು ನಾಲ್ಕು ಕಡೆಯಿಂದ ದನಿ ಎದ್ದಿತು. ಯಶೋಧಾ ಯಾರ ಮುಖವನ್ನೂ ನೋಡಲಿಲ್ಲ.

"ನಮ್ಮವ್ವನ ದನಿ ಊರೂರ ಹಂದರದಾಗ ಕೇಳೈತಿ. ಆಕಿ ಒಂದು ಹಂದರದಾಗೂ ನಿಂತು ಕೇಳಿಲ್ಲ. ಇವತ್ತರ ಕುಂತು ಕೇಳ್ಲಿ."

ಅಯ್ಯನವರು ವಿಭೂತಿಯ ಕೈ ಒರೆಸಿಕೊಳ್ಳುತ್ತ, ಕುಣಿ ತೋಡುವುದು ಹೇಗೂ ಇನ್ನೂ ಆಗಿಲ್ಲ, ಹಚ್ಚಲಿ ಬಿಡ್ರಿ ಎಂದರು. ಬಸಂತರಾಯ ಭಜನೆಯವರಿಗೆ ಚಾ ಒಯ್ದ.

ಆದರೆ ಯಶೋಧಾಳಿಗೆ ಬೇಕಾಗಿದ್ದದ್ದು ಬರೀ ಅಷ್ಟೇ ಅಲ್ಲ. ಆ ಕ್ಯಾಸೆಟ್ಟಿನ ಕೊನೆಯಲ್ಲಿ ಒಂದು ಪದ ಇಲ್ಲ, ಮಗಳನ್ನು ಒಪ್ಪಿಸಿಕೊಡುವ ಪದ. ಅವ್ವ ಅದನ್ನು ಒಮ್ಮೆಯಾದರೂ ಹಾಡಿರಲೇಬೇಕು, ಚಾಚಾ ಅದನ್ನು ಬೇರೆ ಟೇಪಿನಲ್ಲಿ ಎಲ್ಲೋ ಇಟ್ಟಿರಲೇಬೇಕು. ಬೆಳಗಿನಿಂದ ಅವಳು ಈ ಒಂದು ಆಸೆಯನ್ನು ಹಿಡಿದುಕೊಂಡೇ ಕೂತಿದ್ದಳು.

*

ಟೇಪ್ ರೆಕಾರ್ಡರ್ ಇಲ್ಲದ ಮನೆಗೆ ಹೆಣ್ಣು ಕೊಡಲು ಜನ ಹಿಂದೆ ಮುಂದೆ ನೋಡುತ್ತಿದ್ದ ತೊಂಬತ್ತರ ದಶಕ. ಇಬ್ರಾಹಿಂಸಾಬ ಇಂಡಿ ಬಸ್ ಸ್ಟ್ಯಾಂಡಿನ ಎದುರು ಕ್ಯಾಸೆಟ್ ಅಂಗಡಿ ಇಟ್ಟಿದ್ದ, ಮದುವೆಗಳಿಗೆ ಮೈಕ್ ಸೆಟ್ಟನ್ನೂ ಒಯ್ಯುತ್ತಿದ್ದ. ಹೊರ್ತಿಯ ಒಂದು ಮದುವೆಯಲ್ಲಿ ವೈರು ಎಳೆಯುತ್ತ ಹಿತ್ತಲಿಗೆ ಹೋದಾಗ ಅಡುಗೆಮನೆಯಿಂದ ಒಂದು ದನಿ ಕೇಳಿಸಿತು. ಹಂದರದಲ್ಲಿ ಹಾಡುತ್ತಿದ್ದ ಮುತ್ತೈದೆಯರು ಸಾಲು ಮರೆತಾಗಲೆಲ್ಲ ಈ ದನಿ ಒಳಗಿನಿಂದ ಎತ್ತಿಕೊಡುತ್ತಿತ್ತು, ಅವರು ಹಿಡಿದುಕೊಂಡು ಮುಂದೆ ಹೋಗುತ್ತಿದ್ದರು. ಇಣುಕಿದರೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಚಂದವ್ವ. ಮಗಳು ಯಶೋಧಾ ತೊಟ್ಟಿಲಲ್ಲಿದ್ದಾಗಲೇ ಚಂದವ್ವನ ಗಂಡ ಹಾವು ಕಡಿದು ಸತ್ತಿದ್ದ. ಗಂಡ ಸತ್ತವಳು ಹಂದರದಲ್ಲಿ ನಿಂತು ಸೋಬಾನ ಹಾಡುವಂತಿಲ್ಲ. ಒಲೆಯ ಮುಂದೆ ಕೂತು ಹಾಡಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಕೇಳಿಸದವರಂತೆ ಇರುತ್ತಿದ್ದರು.

ಇಬ್ರಾಹಿಂಸಾಬ ತನ್ನ ಮನೆಯ ನಡುಕೋಣೆಯ ಗೋಡೆಗಳಿಗೆಲ್ಲ ಕೌದಿ ತೂಗುಹಾಕಿ ರೆಕಾರ್ಡಿಂಗ್ ಇಟ್ಟುಕೊಂಡ. ಅವನ ಹೆಂಡತಿ ಶಮಶಾದಬಿ ಕೋಳಿಗಳನ್ನು ಓಡಿಸಿ, ಓಣಿಯ ಹುಡುಗರನ್ನು ಗದರಿಸಿ, ಬಾಗಿಲಿಗೆ ಕಾವಲು ಕೂತಳು. ಜಗಳ ಶುರುವಾದದ್ದು ಮೊದಲ ಪದಕ್ಕೇ. ಎಲ್ಲಕ್ಕಿಂತ ಚಲೋ ಪದವನ್ನು ಮೊದಲು ಹಾಕೋಣ, ಅಂಗಡಿಯಲ್ಲಿ ಹಚ್ಚಿದ ಕೂಡಲೇ ಹಾದುಹೋಗುವ ಗಿರಾಕಿ ನಿಲ್ಲಬೇಕು ಎಂದು ಇಬ್ರಾಹಿಂಸಾಬ ತನ್ನ ವ್ಯಾಪಾರದ ಬುದ್ಧಿ ಹೇಳಿದ.

"ಅರಿಶಿಣ ಹಚ್ಚೂಕಿಂತ ಮೊದಲ ಯಾರರ ಅಕ್ಕಿಕಾಳು ಒಗೀತಾರೇನ್ರಿ ಅಣ್ಣಾರ?" ಎಂದಳು ಚಂದವ್ವ. "ಪದದಾಗ ಚಲೋದು, ಕೆಟ್ಟದ್ದು ಅಂತ ಇರೂದಿಲ್ಲ. ಯಾವುದರ ಹಿಂದ ಯಾವುದು ಬರತೈತಿ, ಎಲ್ಲಾ ಅದರ ಮ್ಯಾಲ ಐತಿ."

ಹಾಗೆಯೇ ಆಯಿತು. ಅರಿಶಿಣ ಕುಟ್ಟುವ ಪದ, ಮದುಮಕ್ಕಳನ್ನು ಮೀಯಿಸುವ ಸುರಗಿ ನೀರಿನ ಪದ, ಬೀಗರನ್ನು ಎದುರುಗೊಳ್ಳುವ ಪದ, ಮದುಮಕ್ಕಳ ನೆತ್ತಿಗೆ ಅಕ್ಷತೆ ಒಗೆಯುವ ಅಕ್ಕಿಕಾಳಿನ ಪದ. ಅಲ್ಲಿಗೆ ಒಂದು ಬದಿ ಮುಗಿಯುತ್ತಿತ್ತು. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಅವಳು ಸುಮ್ಮನೆ ಕೂತುಬಿಡುತ್ತಿದ್ದಳು. ಟೇಪು ದಂಡ ಆಗುತ್ತದೆಂದು ಇಬ್ರಾಹಿಂಸಾಬ ಕೈಸನ್ನೆ ಮಾಡಿದರೆ ಕಣ್ಣಲ್ಲೇ ತಡೆಯುತ್ತಿದ್ದಳು. ಆಮೇಲೆ ಕೇಳಿದಾಗ, ಆ ಹೊತ್ತಿನಲ್ಲಿ ಹೆಂಗಸರು ಬಟ್ಟಲಿಗೆ ಮತ್ತೆ ಅರಿಶಿಣ ಹಾಕಿಕೊಳ್ಳಬೇಕು, ಅಳುವ ಕೂಸನ್ನು ಸುಮ್ಮನಿರಿಸಬೇಕು, ಎರಡು ಮಾತು ಆಡಬೇಕು, ಅದೂ ಲಗ್ನವೇ ಅಲ್ಲವೇ ಎಂದಳು. ಒಂದು ಹಂದರದಲ್ಲೂ ನಿಲ್ಲದವಳು ಎಲ್ಲಿ ಯಾರಿಗೆ ಎಷ್ಟು ಹೊತ್ತು ಬೇಕೆಂದು ಒಲೆಯ ಮುಂದಿನಿಂದಲೇ ತಿಳಿದುಕೊಂಡಿದ್ದಳು.

ಎರಡನೆಯ ಬದಿಯಲ್ಲಿ ಬೀಗರ ಊಟದ ಪದ ಮುಗಿದ ಮೇಲೆ ಅವಳು ಸೆರಗು ಹೊದ್ದು ಎದ್ದೇಬಿಟ್ಟಳು. ಒಪ್ಪಿಸಿಕೊಡುವ ಪದ ಉಳಿದಿದೆಯಲ್ಲ ಎಂದು ಇಬ್ರಾಹಿಂಸಾಬ ಗಾಬರಿಯಾದ.

"ಅದನ್ನ ಮನಿಯವರು ಹಾಡಬೇಕ್ರಿ. ಮಗಳನ್ನ ಮಿಷಿನ್ ಕಳಿಸಬಾರದು. ಅಲ್ಲಿ ಜಾಗಾ ಬಿಡ್ರಿ."

ಗಂಡಹೆಂಡತಿ ಇಬ್ಬರೂ ಸೇರಿ ಗೋಗರೆದರೂ ಅವಳು ಜಪ್ಪಯ್ಯ ಅನ್ನಲಿಲ್ಲ. ಕ್ಯಾಸೆಟ್ಟು ಬಂದ ಹೊಸದರಲ್ಲಿ ಜನ ಅಂಗಡಿಗೆ ಬಂದು, ಕೊನೆಗೆ ಖಾಲಿ ಇದೆ, ಬದಲಿ ಕೊಡು ಎಂದು ಜಗಳಾಡಿದರು. ಮುಂದಿನ ವರ್ಷದ ಲಗ್ನಗಳಿಗೆ ಅವರೇ ಬಂದು ಮತ್ತೊಂದು ಒಯ್ದರು. ಮುದ್ದೇಬಿಹಾಳ, ಬಾಗೇವಾಡಿಯ ಕಡೆಗೂ ಅದು ಹೋಯಿತು. ಊಟದ ಪದ ಮುಗಿದು ಭೋಂಗಾದಲ್ಲಿ ಸುಂಯ್ ಅನ್ನುವ ಸದ್ದು ಶುರುವಾದರೆ ಸಾಕು, ಹೆಂಗಸರು ಮದುಮಗಳ ಸುತ್ತ ಬಂದು ನಿಂತು ತಾವೇ ಎತ್ತಿಕೊಳ್ಳುತ್ತಿದ್ದರು. ಬೇರೆ ಕ್ಯಾಸೆಟ್ಟುಗಳನ್ನು ಜನ ಕೇಳುತ್ತಿದ್ದರು, ಇದನ್ನು ಮುಗಿಸಿಕೊಡುತ್ತಿದ್ದರು. ಇದಕ್ಕಿಂತ ಪೂರ್ತಿಯಾದ ಕ್ಯಾಸೆಟ್ಟು ತನ್ನ ಅಂಗಡಿಯಲ್ಲಿ ಇನ್ನೊಂದಿಲ್ಲ ಎಂದು ಇಬ್ರಾಹಿಂಸಾಬ ಸಿಕ್ಕಸಿಕ್ಕವರಿಗೆ ಹೇಳತೊಡಗಿದ.

*

ಇಬ್ರಾಹಿಂಸಾಬ ಟೆಂಪೋದಿಂದ ಇಳಿದಾಗ ಬಿಸಿಲು ಏರಿತ್ತು. ಕ್ಯಾಸೆಟ್ಟನ್ನು ಈಗ ಯಾವ ಮಿಷನ್ನೂ ಮೂಸುವುದಿಲ್ಲ ಅಂತ ಗೊತ್ತಿದ್ದವನು ತನ್ನ ಹಳೆಯ ಟೇಪ್ ರೆಕಾರ್ಡರನ್ನೂ ಹೊತ್ತು ತಂದಿದ್ದ. ಪ್ರೇಮಕುಮಾರ ಎದ್ದು ಅದನ್ನು ಇಸಿದುಕೊಂಡು ಭೋಂಗಾದ ವೈರಿಗೆ ಜೋಡಿಸಿದ. ಮುದುಕ ಚಂದವ್ವನ ಮುಂದೆ ಕೈಮುಗಿದು ನಿಂತ. ಯಶೋಧಾ ಅವನನ್ನು ಗೋಡೆಯ ಮಗ್ಗುಲಿಗೆ ಕರೆದು, ಒಪ್ಪಿಸಿಕೊಡುವ ಪದ ಇದೆಯೇ ಎಂದು ಕೇಳಿಯೇ ಬಿಟ್ಟಳು.

"ಇಲ್ಲವಾ ತಂಗಿ," ಎಂದ ಅವನು.

ಕದ್ದಾದರೂ ರೆಕಾರ್ಡ್ ಮಾಡಿರಬೇಕಲ್ಲ ಎಂದಳು. ಅವ್ವ ಶಮಶಾದಬಿ ಚಾಚಿಯ ಮುಂದೆ ಗುನುಗಿದ್ದನ್ನಾದರೂ ಯಾರಾದರೂ ಕಲಿತಿರಬೇಕಲ್ಲ ಎಂದಳು. ಅವಳು ಬಿಡುವವಳಲ್ಲ. ಇಬ್ರಾಹಿಂಸಾಬನ ಕಣ್ಣು ತುಂಬಿತು.

"ಆಕಿ ಬ್ಯಾಡ ಅಂದ ಮ್ಯಾಲ ನಾ ಹೆಂಗ ಮಾಡ್ಲಿ? ಆ ಪದಾ ಎಲ್ಲೂ ಇಲ್ಲ. ಆಕಿ ಕಡೇನ ಇತ್ತು, ಆಕಿ ಕೂಡ ಹೊಂಟೈತಿ."

ಯಶೋಧಾ ಇರುವುದನ್ನೇ ಹಚ್ಚಿರಿ ಎಂದು ಹೇಳಿ ಹೋಗಿ ತಾಯಿಯ ಮಗ್ಗುಲಲ್ಲಿ ಕೂತಳು.

*

ಅವಳ ಮದುವೆಯಾಗಿ ಐದಾರು ವರ್ಷ ಆಗಿತ್ತು. ಅಂದೂ ಇದೇ ಅಂಗಳ, ಇದೇ ಬೇವಿನ ಮರ, ಇದೇ ಕ್ಯಾಸೆಟ್ಟು. ಎಲ್ಲ ಅದರದರ ಹೊತ್ತಿಗೆ ನಡೆದುಹೋಯಿತು. ಮದುಮಗಳು ಟೆಂಪೋ ಹತ್ತುವ ಹೊತ್ತಿಗೆ ಬೀಗರ ಊಟದ ಪದ ಮುಗಿದು ಭೋಂಗಾ ಸುಂಯ್ ಅನ್ನತೊಡಗಿತು. ಹೆಂಗಸರೆಲ್ಲ ಬಂದು ಸುತ್ತ ನಿಂತರು. ನಿಂತೇ ಇದ್ದರು. ನೀ ಹಾಡು, ನೀ ಹಾಡು ಎಂದು ಮೊಳಕೈಯಲ್ಲಿ ತಿವಿದುಕೊಂಡರು. ವರ್ಷಗಟ್ಟಲೆ ಭೋಂಗಾ ಹಾಡುತ್ತಿದ್ದರೆ ಇವರ ಗಂಟಲಿಗೇನು ಕೆಲಸ? ಉಳಿದ ಪದಗಳು ಬೇಕಾದಾಗ ಕೇಳಲು ಸಿಗುತ್ತಿದ್ದವು. ಸಿಗದಿದ್ದ ಈ ಒಂದನ್ನು ಬಲ್ಲ ಮುದುಕಿಯರು ಒಬ್ಬೊಬ್ಬರಾಗಿ ಮಣ್ಣಿಗೆ ಹೋಗಿದ್ದರು, ಇದ್ದವರು ಮರೆತಿದ್ದರು. ದುರ್ಗವ್ವ ಗಟ್ಟಿ ಗಂಟಲಿನಿಂದ ಒಂದು ಸಾಲು ಎತ್ತಿದಳು, ಎರಡನೆಯದು ಸಿಗದೆ ಕೆಮ್ಮಿದಳು, ಮತ್ತೆ ಮೊದಲನೆಯದನ್ನೇ ಎತ್ತಿ ನಾಚಿ ಸುಮ್ಮನಾದಳು.

ಅಡುಗೆಮನೆಯ ಬಾಗಿಲಿಗೆ ಚಂದವ್ವ ಬಂದಿದ್ದಳು. ಕೈಗೆಲ್ಲ ಹಿಟ್ಟು. ಯಶೋಧಾ ಟೆಂಪೋದ ಮೆಟ್ಟಿಲ ಮೇಲಿಂದ ಅವಳನ್ನು ನೋಡಿದಳು. ಬಾ ಅಂದರೆ ಹತ್ತು ಹೆಜ್ಜೆಯೂ ಇರಲಿಲ್ಲ. ಯಾರೂ ತಡೆಯಲಿಲ್ಲ, ತಡೆಯುವ ಕೆಲಸವೇ ಬೀಳಲಿಲ್ಲ. ತನ್ನ ನೆರಳು ಮಗಳ ಬಾಳಿನ ಮೇಲೆ ಬೀಳಬಾರದೆಂದು ಚಂದವ್ವ ತಾನೇ ಹಿಂದಕ್ಕೆ ಸರಿದು ಒಲೆಯ ಕಡೆ ಹೋದಳು. ಟೇಪು ಮುಗಿದು ಟಕ್ ಅಂದಿತು. ಟೆಂಪೋದವನು ಹಾರ್ನ್ ಬಾರಿಸಿದ.

ಆಮೇಲೆ ತವರಿಗೆ ಬಂದಾಗಲೆಲ್ಲ ಯಶೋಧಾ, ಅದನ್ನೊಂದು ನನಗೆ ಕಲಿಸು ಅನ್ನುವಳು. ಅದು ಮಗಳನ್ನು ಕಳಿಸುವ ತಾಯಿ ಕಲಿಯುವ ಪದ, ನಿನ್ನ ಮಗಳು ಐಶ್ವರ್ಯ ಇನ್ನೂ ಅಂಗಾಲು ಊರಿ ನಡೆಯುತ್ತಿಲ್ಲ, ಈಗಲೇ ಏನು ಅವಸರ ಎಂದು ಚಂದವ್ವ ನಗುವಳು. ನಿನ್ನೆ ಸಂಜೆ ಹಿತ್ತಲಲ್ಲಿ ಕುಳ್ಳು ಆರಿಸುತ್ತ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ.

*

ಕ್ಯಾಸೆಟ್ಟು ಮೊದಲಿನಿಂದ ಹಾಡಿತು. ಮೊದಮೊದಲು ಜನ ಮುಜುಗರಪಟ್ಟರು. ಸುರಗಿ ನೀರಿನ ಪದದ ಹೊತ್ತಿಗೆ ಹೆಂಗಸರ ತುಟಿ ತಾವಾಗಿಯೇ ಅಲುಗತೊಡಗಿದವು. ಅಕ್ಕಿಕಾಳಿನ ಪದ ಮುಗಿದಾಗ ಇಬ್ರಾಹಿಂಸಾಬ ಕ್ಯಾಸೆಟ್ಟು ತಿರುವಿ ಹಾಕಿದ. ಕುಣಿ ಆಯಿತೆಂದು ಹೊಲದಿಂದ ಆಳು ಬಂದ. ಬಾಳೆಕಂಬ, ಚೆಂಡುಹೂವು ಕಟ್ಟಿದ್ದ ಹೆಣದ ವಿಮಾನದಲ್ಲಿ ಚಂದವ್ವನನ್ನು ಕೂರಿಸಿದರು. ಬೀಗರ ಊಟದ ಪದ ಬಂತು. ಬೆಳಿಗ್ಗೆ ಇದೇ ಪದಕ್ಕೆ ಬೈದಿದ್ದ ದುರ್ಗವ್ವ ಈಗ ಒಣಮೆಣಸಿನಕಾಯಿ ಮೂಗಿನ ಸಾಲಿಗೆ ನಕ್ಕಳು, ನಗುತ್ತಲೇ ಬಿಕ್ಕಿದಳು. ಪದ ತನ್ನ ಜಾಗದಲ್ಲಿ ಬಂದಿತ್ತು, ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

ಪದ ಮುಗಿಯಿತು. ಭೋಂಗಾ ಸುಂಯ್ ಅನ್ನತೊಡಗಿತು.

ವಿಮಾನ ಎತ್ತುವವರು ಬಗ್ಗಿ ಬಿದಿರಿಗೆ ಕೈ ಹಾಕಿದ್ದರು. ಬಸಂತರಾಯ ಹೂಂ ಅನ್ನುವವನಿದ್ದ. ಯಶೋಧಾ ಕೈ ಎತ್ತಿ ತಡೆದಳು. ಹೆಂಗಸರು ಬಂದು ಸುತ್ತ ನಿಂತರು, ಎಲ್ಲರೂ ದುರ್ಗವ್ವನನ್ನು ನೋಡಿದರು. ದುರ್ಗವ್ವ ತಲೆ ಅಲ್ಲಾಡಿಸಿದಳು. ಆ ಒಂದು ಸಾಲೂ ಈಗ ಅವಳ ಹತ್ತಿರ ಇರಲಿಲ್ಲ.

"ಇವತ್ತು ಮನಿಯಾಕಿ ನೀನವಾ," ಎಂದ ಇಬ್ರಾಹಿಂಸಾಬ ಮೆಲ್ಲಗೆ. "ಏನರ ಹಾಡು. ಆಕೀನ್ನ ಸುಮ್ಮ ಕಳಿಸಬ್ಯಾಡ."

ಯಶೋಧಾ ಬಾಯಿ ತೆರೆದಳು. ಕಳಿಸುವ ಪದ ಅವಳೊಳಗೆ ಎಲ್ಲಿಯೂ ಇರಲಿಲ್ಲ. ಚಿಕ್ಕವಳಿದ್ದಾಗಿನಿಂದ ಈ ಸುಂಯ್ ಸದ್ದಿನ ಹಿಂದೆ ಅವಳು ಕೇಳುತ್ತ ಬಂದದ್ದು ಒಂದೇ, ಕ್ಯಾಸೆಟ್ಟು ತಿರುವಿದಾಗ ಮತ್ತೆ ಮೊದಲ ಬದಿಯಿಂದ ಶುರುವಾಗುವ ಪದ. ಅದೇ ಬಂತು.

"ಅರಿಶಿಣ ಕುಟ್ಟಾಕ ಹೊಸ ಒನಕಿ ತರ್ರೆವ್ವ..."

ತಪ್ಪಾಯಿತೆಂದು ಅವಳಿಗೆ ಗೊತ್ತಾಯಿತು. ನಿಲ್ಲಿಸಿದರೆ ಮತ್ತೆ ಏನೂ ಇರುವುದಿಲ್ಲವೆಂದೂ ಗೊತ್ತಾಯಿತು. ಅಷ್ಟರಲ್ಲಿ ದುರ್ಗವ್ವ ಎರಡನೆಯ ಸಾಲು ಹಿಡಿದಳು, ಮೂರನೆಯದಕ್ಕೆ ಓಣಿಯ ಹೆಂಗಸರೆಲ್ಲ ಸೇರಿದರು. ಈ ಪದ ಮಾತ್ರ ಅವರಲ್ಲಿ ಒಬ್ಬರಿಗೂ ಮರೆತಿರಲಿಲ್ಲ. ವಿಮಾನ ಎದ್ದಿತು. ಭಜನೆಯವರು ತಾಳ ಕೈಯಲ್ಲಿ ಹಿಡಿದುಕೊಂಡು ಬಾರಿಸದೆ ನಡೆದರು. ಹೊತ್ತವರ ಹೆಜ್ಜೆ ಆ ಪದಕ್ಕೆ ಹೊಂದಲಿಲ್ಲ, ವಿಮಾನ ಹೊಯ್ದಾಡಿತು, ಚಂದವ್ವನ ತಲೆ ಅತ್ತ ಇತ್ತ ವಾಲಿತು.

ಊರ ಅಗಸಿ ಬಾಗಿಲು ದಾಟುವಾಗ ಅವರು ಪದದಲ್ಲಿ ಸುರಗಿ ನೀರು ಹಾಕುತ್ತಿದ್ದರು. ಹೊಲದ ಬದುವಿನ ಮೇಲೆ ಬೀಗರನ್ನು ಎದುರುಗೊಂಡರು. ನಡುನಡುವೆ, ಚಂದವ್ವ ಟೇಪಿನಲ್ಲಿ ಬಿಟ್ಟಿದ್ದಷ್ಟೇ ಹೊತ್ತು ಸುಮ್ಮನಿದ್ದು ಮುಂದಿನದನ್ನು ಎತ್ತಿದರು. ಚಂದವ್ವನನ್ನು ಕುಣಿಯಲ್ಲಿ ಇಳಿಸಿ ಕೂರಿಸಿದಾಗ ಹೆಂಗಸರು ಅಕ್ಕಿಕಾಳಿನ ಪದದಲ್ಲಿದ್ದರು. ಅಯ್ಯನವರು ಒಬ್ಬೊಬ್ಬರ ಕೈಗೂ ಒಂದು ಹಿಡಿ ಮಣ್ಣು ಕೊಟ್ಟರು. ಬಸಂತರಾಯ ಹಾಕಿದ, ಇಬ್ರಾಹಿಂಸಾಬ ಹಾಕಿದ. ಯಶೋಧಾ ಕುಣಿಯ ಅಂಚಿಗೆ ಬಂದು, ಹಾಡುತ್ತಲೇ, ಆ ಎರೆಮಣ್ಣಿನ ಹೆಂಟೆಯನ್ನು ಅಂಗೈಯಲ್ಲಿ ಕಾಳುಕಾಳಾಗುವ ಹಾಗೆ ಪುಡಿ ಮಾಡಿ, ತಾಯಿಯ ನೆತ್ತಿಯ ಮೇಲೆ ಬೀಳುವಂತೆ ಹಗುರವಾಗಿ ಒಗೆದಳು.