ಆಯಿಯ ಪಕ್ಕದಲ್ಲಿ ಕೂತ ಕೂಸು

ಮಾಘದ ಚಳಿಯಲ್ಲಿ, ಹೊತ್ತು ಮೂಡುವ ವೇಳೆಗೆ, ಪಡಸಾಲೆಯ ಗೋಡೆಗೆ ಕೂಡಿಸಿದ್ದ ಮಾಣಿಕಮ್ಮನ ಕುತ್ತಿಗೆ ಎಡಕ್ಕೆ ವಾಲಿತು. ಗಂಡ ಶಂಕ್ರೆಪ್ಪ ಎದ್ದು ಅದನ್ನು ನೆಟ್ಟಗೆ ಮಾಡಿ, ಸಡಿಲಾದ ಬಟ್ಟೆಯನ್ನು ಗೂಟಕ್ಕೆ ಬಿಗಿದು ಕಟ್ಟಿದ. ಹಿಂದಿನ ಸಂಜೆ ಜೋಳ ಕೇರುತ್ತ ಕೇರುತ್ತಲೇ ಮೊರದ ಮೇಲೆ ಕುಸಿದು ಜೀವ ಬಿಟ್ಟವಳು ಅವಳು. ರಾತ್ರಿಯೆಲ್ಲ ಭಜನೆ ನಡೆದಿತ್ತು.

ಹೆಣದ ಪಕ್ಕದಲ್ಲೇ ಮೊಮ್ಮಗಳು ಶೈಲಶ್ರೀ. ಆರು ವರ್ಷದ ಕೂಸು. ಚಾಪೆಯ ಮೇಲೆ ಮಲಗಿಸಿದಾಗಲೆಲ್ಲ ಎದ್ದು ಬಂದು ಆಯಿಗೆ ಆನಿಕೊಂಡು ಕೂಡುತ್ತಿತ್ತು. ನೋಡಿದ ಹೆಂಗಸರು ಕಣ್ಣೊರೆಸಿಕೊಂಡರು. ಪಸ್ತಾಪುರದ ಬೀಜ ಉಳಿಸುವ ಹೆಂಗಸರ ಸಂಘದಿಂದ ಬಂದವರು, ಸಂಕ್ರಾಂತಿಯಿಂದೀಚೆಗೆ ಮಾಣಿಕಮ್ಮ ಮೀಟಿಂಗಿನಲ್ಲಿ ನಿಂತವಳೇ ಅಲ್ಲ, ಬಸ್ಸಿಗೂ ಕಾಯದೆ ಬೀಜದ ಬುಟ್ಟಿ ಹೊತ್ತು ಈ ಕೂಸಿಗಾಗಿ ಮನೆಗೆ ನಡೆದುಬಿಡುತ್ತಿದ್ದಳು ಎಂದರು.

ಶಂಕ್ರೆಪ್ಪನ ಅಣ್ಣ ಮನ್ಮಥಪ್ಪ ಕೂಸಿನ ಹಣೆಗೆ ವಿಭೂತಿ ಹಚ್ಚಿದ. "ನೋಡ, ಜಗದೇವಿ. ಹೆತ್ತ ಮಗಳು ನೀ, ಗ್ವಾಡಿಗಿ ತಲಿ ಕೊಟ್ಟು ತೂಕಡಸಿದಿ. ನಿನ್ನ ಕೂಸ ಆಯಿಗಿ ಬಿಟ್ಟು ಕಣ್ಣ ಮುಚ್ಚಿಲ್ಲ."

ಜಗದೇವಿಗೆ ನಾಚಿಕೆಯಾಗಿ ಅಳು ಬಂತು. ಆದರೂ ಆ ಅಳುವಿನಲ್ಲೇ ಮಗಳ ಮೇಲೆ ಹೆಮ್ಮೆ ಉಕ್ಕಿತು.

*

ಸಂಕ್ರಾಂತಿ ಮುಗಿಯುತ್ತಲೇ ಹೈದರಾಬಾದಿನಲ್ಲಿ ಶೈಲಶ್ರೀಯ ಎದೆ ಕೊಯ್ದು ಹೃದಯದ ತೂತು ಮುಚ್ಚಿದ್ದರು. ಮನೆಗೆ ಕಳಿಸುವ ದಿನ ನರ್ಸಮ್ಮ ತೆಲುಗಿನಲ್ಲಿ ತಿಳಿಸಿ ಹೇಳಿದ್ದಳು. ಮೇಲಿನ ಗಾಯ ಮಾಯ್ದರೂ ಕೆಲವು ಮಕ್ಕಳಿಗೆ ಹೃದಯದ ಸುತ್ತ ನೀರು ತುಂಬುತ್ತದೆ. ಕೂಸು ಮಲಗಲಾರದೆ ಎದ್ದೆದ್ದು ಕೂತರೆ ಒಂದು ಗಳಿಗೆಯೂ ತಡ ಮಾಡಬೇಡಿ. ಜಗದೇವಿ ಬಟ್ಟೆಬರೆ ಚೀಲಕ್ಕೆ ತುಂಬುತ್ತ ಅರ್ಧ ಕಿವಿಯಲ್ಲಿ ಕೇಳಿದ್ದಳು. ಮಾಣಿಕಮ್ಮ ಕೈಕಟ್ಟಿ ನಿಂತು ಕೇಳಿದ್ದಳು. ಅಂದಿನಿಂದ ಕೂಸು ಅವಳ ಮಗ್ಗುಲಲ್ಲೇ. ಅದು ಕಾಲು ಚಾಚಿ ನಿದ್ದೆ ಹೋಗುವ ತನಕ ಅವಳ ಕಣ್ಣು ಮುಚ್ಚುತ್ತಿರಲಿಲ್ಲ. ನೀ ಮಲಗವ್ವಾ, ನಾ ನೋಡ್ತೀನಿ ಅನ್ನುವಳು. ಜಗದೇವಿ ಮಲಗುವಳು.

*

ಹೆಣ ಎತ್ತುವ ಹೊತ್ತಾಯಿತು. ಜಗದೇವಿ ಮಗಳನ್ನು ಈಚೆ ಎಳೆದು ತೊಡೆಯ ಮೇಲೆ ಮಲಗಿಸಿಕೊಂಡಳು. ಬಾವಿಗೆ ಬಿದ್ದವರು ಮೇಲೆ ಬರುವಂತೆ ಕೂಸು ಅವಳ ಸೆರಗು ಹಿಡಿದು ಎದ್ದು ಕೂತಿತು. ತುಟಿ ನೀಲಿಗಟ್ಟಿತ್ತು. ಉಸಿರಿಗೊಮ್ಮೆ ಪಕ್ಕೆ ಒಳಕ್ಕೆ ಎಳೆಯುತ್ತಿತ್ತು.

"ಮಲಗಿದ್ರ ಉಸರ ಸಿಗಲ್ಲ, ಯವ್ವಾ."

"ರಾತ್ರಿ ಯಾಕ ಹೇಳಲಿಲ್ಲ?"

"ಆಯಿಗಿ ಹೇಳೀನಿ."

ಜಗದೇವಿ ಕೂಸನ್ನು ಎತ್ತಿಕೊಂಡು ಎದ್ದಳು. ಆಂಬುಲೆನ್ಸಿಗೆ ಫೋನು ಮಾಡಿದರೆ ಜಹೀರಾಬಾದಿನಿಂದ ಬರಬೇಕು, ತಡವಾಗುತ್ತದೆ ಎಂದರು. ಬಾಗಿಲಲ್ಲಿ ಇದ್ದದ್ದು ಅಂಜಪ್ಪನ ಜೀಪು ಒಂದೇ. ಮಾಣಿಕಮ್ಮನನ್ನು ಒಯ್ಯಲೆಂದು ಅದಕ್ಕೆ ಬಾಳೆಕಂಬ ಕಟ್ಟಿ, ಚೆಂಡುಹೂವಿನ ಹಾರ ಸುತ್ತಿದ್ದರು.

ಮನ್ಮಥಪ್ಪ ಹೊಸ್ತಿಲಿಗೆ ಅಡ್ಡ ನಿಂತ. ಹೆಣ ಒಳಗಿರುವಾಗ ಮಗಳು ಊರು ಬಿಡಬಾರದು, ಹೆಣದ ಗಾಡಿಯಲ್ಲಿ ಜೀವ ಇದ್ದ ಕೂಸನ್ನು ಕೂಡಿಸಿದರೆ ಅದನ್ನೂ ಕಳಿಸಿಕೊಟ್ಟಂತೆ, ಮಣ್ಣು ಮುಗಿಯಲಿ ಎಂದ. ಅಂಜಪ್ಪ ಕೀಲಿ ಮುಷ್ಟಿಯಲ್ಲಿ ಹಿಡಿದು ನೆಲ ನೋಡಿದ. ಕೂಸನ್ನು ಎತ್ತಿಕೊಂಡು ನಿಂತ ಜಗದೇವಿಗೂ ಆ ಹೂವು ಕಂಡು ಕಾಲು ಏಳಲಿಲ್ಲ.

ಶಂಕ್ರೆಪ್ಪ ಹೆಂಡತಿಯ ಹೆಗಲಿನಿಂದ ಕೈ ತೆಗೆಯಲಿಲ್ಲ.

"ಅಣ್ಣಾ, ಹಾದಿ ಬಿಡು. ಇಕಿ ಹುಟ್ಟಿದಾಗಿಂದ ನಡದೇ ತಿರುಗ್ಯಾಳ, ಇವತ್ತ ಮಂದಿ ಹೆಗಲ ಮ್ಯಾಲ ಹೋಗ್ತಾಳ. ಅಂಜಪ್ಪಾ, ಬೀದರ ದವಾಖಾನಿಗಿ ನಡಿ."

ಮನ್ಮಥಪ್ಪ ಸರಿದ.

ಮಾಣಿಕಮ್ಮನನ್ನು ಇನ್ನೂ ಎತ್ತಿರಲಿಲ್ಲ. ಅವಳಿಗಿಂತ ಮೊದಲು ಜಗದೇವಿ ಮತ್ತು ಶೈಲಶ್ರೀ ಊರು ಬಿಟ್ಟರು. ಮೊಗುಡಂಪಲ್ಲಿ ದಾಟುವಾಗ ಹೂವಿನ ಜೀಪು ಕಂಡ ಜನ ಬೈಕು ನಿಲ್ಲಿಸಿ ಇಳಿದರು, ರುಮಾಲು ತೆಗೆದು ಕೈಮುಗಿದರು. ಜಗದೇವಿ ಒಂದು ಕೈಯಲ್ಲಿ ಮಗಳನ್ನು ಎದೆಗೆ ನೆಟ್ಟಗೆ ಹಿಡಿದು, ಇನ್ನೊಂದನ್ನು ಹೊರಗೆ ಚಾಚಿ, ಸಿಕ್ಕ ಸಿಕ್ಕ ಹಾರವನ್ನೆಲ್ಲ ಕಿತ್ತು ಕಿತ್ತು ರಸ್ತೆಗೆ ಎಸೆಯುತ್ತಿದ್ದಳು.