ಬಿಸಿಲು ಕಾಣದ ಹಾಳೆ

ಜುಜುನಾ ನೆಲ ನೋಡಿ ನಡೆಯುವವಳಲ್ಲ. ನಾನು ತರಗತಿಯಲ್ಲಿ ಹಾಜರಿ ಕೂಗುವ ಹಾಗೆ ಒಂದೊಂದು ಮೋಡವನ್ನೂ ವಿಚಾರಿಸುತ್ತ, ಗದ್ದ ಮೇಲೆತ್ತಿ, ಕಣ್ಣು ಕಿರಿದಾಗಿಸಿ, ಇಮೆರೆತಿ ಸೀಮೆಯ ನಮ್ಮ ಹಳ್ಳಿಯ ಕಲ್ಲುದಾರಿಯನ್ನು ಏರುವವಳು; ಎಡವಿದರೆ ತಪ್ಪು ಕಲ್ಲಿನದು. ರೈಲ್ವೆಯಲ್ಲಿದ್ದು ತೀರಿಹೋದ ಗಂಡನ ಕಪ್ಪು ಕೋಟು ಕಡುಬೇಸಿಗೆಯಲ್ಲೂ ಮೈಮೇಲಿರುತ್ತದೆ. ಅದರ ಜೇಬಿನಲ್ಲಿ ಸದಾ ಒಂದು ತುಂಡು ತ್ಕ್ಲಾಪಿ: ಹುಳಿ ಪ್ಲಮ್ ಹಣ್ಣನ್ನು ಬೇಯಿಸಿ, ಸೋಸಿ, ಹಲಗೆಯ ಮೇಲೆ ತೆಳ್ಳಗೆ ಬಳಿದು ಒಣಗಿಸಿದ ಹಾಳೆ. ಮಾತಿನ ನಡುವೆ ಅದರಿಂದ ಚೂರು ಹರಿದು ಎದುರಿನವರ ಕೈಗಿಡುತ್ತಾಳೆ. ಬೇಡವೆಂದರೆ ಮಾತು ಅಲ್ಲಿಗೆ ಮುಗಿಯಿತು.

ಹಾಳೆಗೆ ಸಕ್ಕರೆ ಬೆರೆಸುವವರನ್ನಾದರೂ ಆಕೆ ಕ್ಷಮಿಸಿಯಾಳು, ಓವನ್ನಿನಲ್ಲಿ ಒಣಗಿಸುವವರಿಗೆ ಮಾತ್ರ ಕ್ಷಮೆಯಿಲ್ಲ. "ಬಿಸಿಲು ಒಣಗಿಸುತ್ತೆ, ಓವನ್ನು ಬೇಯಿಸುತ್ತೆ. ಅಷ್ಟೂ ತಿಳೀದಿದ್ರೆ ಅಂಗಡಿಗೆ ಹೋಗಿ ಚಾಕೊಲೇಟು ತಿನ್ನಿ" ಎನ್ನುತ್ತಾಳೆ. ಈ ವ್ರತದ ದೆಸೆಯಿಂದ ಮನೆಯೊಳಗೆ ಓವನ್ನನ್ನೇ ಬಿಟ್ಟುಕೊಂಡಿಲ್ಲ. ಇದರಿಂದಲೇ ಒಡಹುಟ್ಟಿದ ತಂಗಿಯನ್ನೂ ಕಳೆದುಕೊಂಡಿದ್ದಳು.

ತಂಗಿ ಎತೇರಿ, ಕುತಾಯಿಸಿ ಎಂಬ ಪಟ್ಟಣದ ಸೊಸೆ. ಬಿಸಿಲು ಇಣುಕದ ಫ್ಲ್ಯಾಟಿನಲ್ಲಿ, ಅಕ್ಕನಿಗೆಂದೇ ಆಸೆಪಟ್ಟು ಓವನ್ನಿನಲ್ಲಿ ಒಣಗಿಸಿದ ಹಾಳೆಯನ್ನು ಮಗನ ನಿಶ್ಚಿತಾರ್ಥದ ಊಟದಲ್ಲಿ ಮುಂದಿಟ್ಟಳು. ಜುಜುನಾ ಅದನ್ನು ಮೂಸಿ ತಟ್ಟೆಗೆ ಹಿಂದಿರುಗಿಸಿದಳು. "ಇದು ಹಾಳೆ ಅಲ್ಲ ಕಣೇ, ಸುಟ್ಟ ಚರ್ಮ." ಬೀಗರೆಲ್ಲ ನಕ್ಕರು. ಎತೇರಿ ತಟ್ಟೆಯನ್ನೆತ್ತಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಆಮೇಲೆ ಎಷ್ಟೋ ವರ್ಷ ಅಕ್ಕತಂಗಿಯರ ನಡುವೆ ಮಾತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಎತೇರಿ ದೀರ್ಘಜ್ವರದಿಂದ ಆಸ್ಪತ್ರೆ ಸೇರಿದಳು. ಜ್ವರ ಇಳಿದರೂ ತುತ್ತು ಇಳಿಯದು. ಹೀಗೇ ಆದರೆ ಉಳಿಸಿಕೊಳ್ಳುವುದು ಕಷ್ಟವೆಂದು ವೈದ್ಯರು ಹೇಳಿದ್ದರು. "ದೊಡ್ಡಮ್ಮ, ಹುಳಿಹಾಳೆ ಇದ್ದಿದ್ರೆ ಬಾಯಿಗೆ ಇಟ್ಕೋತಿದ್ದೆ ಅಂತಾಳೆ ಅಮ್ಮ" ಎಂದು ಅವಳ ಮಗ ಫೋನು ಮಾಡಿದ. ಅದರ ಹಿಂದಿನ ವರ್ಷ ವಸಂತದ ಹಿಮಕ್ಕೆ ಹೂವೆಲ್ಲ ಉದುರಿ, ಜುಜುನಾಳ ದಾಸ್ತಾನು ಬರಿದಾಗಿತ್ತು. ಆ ವರ್ಷದ ಹಣ್ಣೇನೋ ಮಾಗಿತ್ತು, ಆದರೆ ಬಿಡದ ಮಳೆ. ಪಡಸಾಲೆಯ ಹಲಗೆಗಳ ಮೇಲೆ ಬಳಿದದ್ದು ಗೊಜ್ಜಾಗಿಯೇ ಉಳಿದು ಬೂಷ್ಟು ಹಿಡಿಯಿತು. ಆಕೆ ಅಂಗಳದಲ್ಲಿ ನೆನೆಯುತ್ತ ನಿಂತು ಆಕಾಶದ ಜನ್ಮ ಜಾಲಾಡಿದಳು.

ಅನಂತರ ಪಾತ್ರೆ ಹಿಡಿದು ನಮ್ಮ ಮನೆಗೆ ಬಂದಳು. "ಮೇಷ್ಟ್ರೇ, ನಿಮ್ಮ ಓವನ್ನು ಕೆಲಸ ಮಾಡುತ್ತಾ?"

"ಮಾಡುತ್ತೆ ಜುಜುನಕ್ಕ."

"ಸಣ್ಣ ಉರೀಲಿ, ಬಾಗಿಲು ಚೂರು ತೆಗೆದಿಟ್ರೆ ಒಣಗುತ್ತಂತೆ. ಎತೇರಿ ಹೇಳಿದ್ಲು, ಆವತ್ತು."

ಅಂದರೆ, ನಿಶ್ಚಿತಾರ್ಥದ ದಿನ ತಂಗಿ ಆಡಿದ ಮಾತೊಂದನ್ನೂ ಆಕೆ ಮರೆತಿರಲಿಲ್ಲ. ನನ್ನ ಹೆಂಡತಿ ನಗು ಅಡಗಿಸಲು ಮುಖ ತಿರುಗಿಸಿದಳು. "ನಗಮ್ಮ, ನಗು. ಊರಿಗೆಲ್ಲ ಸಾರು. ಒಣಗೋ ತನಕ ಮಾತ್ರ ಸುಮ್ನಿರು" ಎಂದು, ಕೋಟಿನಲ್ಲೇ, ಕಿಟಕಿಗೆ ಬೆನ್ನು ಹಾಕಿ, ಆಕೆ ಸಂಜೆಯವರೆಗೆ ಓವನ್ನಿನ ಮುಂದೆ ಕುಳಿತಳು.

ಮರುದಿನ ನನ್ನ ಕಾರಿನಲ್ಲೇ ಹೋದೆವು. ಹಾಸಿಗೆಯಲ್ಲಿ ಎತೇರಿ ಕೂಸಿನಷ್ಟಾಗಿದ್ದಳು. ಅಕ್ಕ ಬಟ್ಟೆ ಬಿಚ್ಚಿ ಹಾಳೆಯನ್ನು ಅವಳ ಕೈಗಿತ್ತಳು. ತಂಗಿ ಅದನ್ನು ಮೂಸಿದಳು, ಥೇಟ್ ಅಕ್ಕನ ಹಾಗೆಯೇ.

"ಅಕ್ಕ, ಇದು ಬಿಸಿಲು ಕಂಡಿಲ್ಲ."

"ಇಲ್ಲ."

"ಓವನ್ನಾ?"

"ಮೇಷ್ಟ್ರ ಮನೇದು."

ಹಿಂದಿರುಗಿಸಿಯೇ ಬಿಡುತ್ತಾಳೆಂದು ನಾನು ಹೆದರಿದೆ. ಎತೇರಿ ಚೂರು ಹರಿದು ಅಕ್ಕನ ಬಾಯಿಯ ಬಳಿ ಹಿಡಿದಳು. "ಮೊದ್ಲು ನೀನು ತಿನ್ನು."

ಜುಜುನಾ ತಿಂದಳು. ಬಹಳ ಹೊತ್ತು ಅಗಿದಳು, ನೆಲ ನೋಡುತ್ತ. ಆಕೆ ನೆಲ ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಹೇಗಿದೆ?"

"ಸುಟ್ಟ ಚರ್ಮ." ಆಕೆಯ ಕಣ್ಣು ತುಂಬಿತ್ತು. "ಇನ್ನೊಂದು ಚೂರು ಕೊಡು."

"ಕೊಡಲ್ಲ ಹೋಗು, ನಂಗೇ ಬೇಕು" ಎಂದು ಎತೇರಿ ನಕ್ಕಳು. ಉಳಿದದ್ದನ್ನು ತನ್ನ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ಚೀಪತೊಡಗಿದಳು.

ಊರಿಗೆ ಮರಳಿದ ವಾರವೇ ಜುಜುನಾ ಜಗತ್ತಿನ ಓವನ್ನುಗಳನ್ನೆಲ್ಲ ಮತ್ತೆ ಬೈಯತೊಡಗಿದಳು, ನಮ್ಮದೊಂದನ್ನು ಬಿಟ್ಟು. ಹಟಮಾರಿಗಳ ಸಹವಾಸ ಕಷ್ಟವೆಂದು ನಾವೆಲ್ಲ ಗೊಣಗುತ್ತೇವೆ. ಎಲ್ಲದಕ್ಕೂ ತಲೆಯಾಡಿಸುವ ನಮ್ಮಂಥವರು ದಿನಕ್ಕೆ ಎಷ್ಟೋ ಸಲ ಬಿಟ್ಟುಕೊಡುತ್ತೇವೆ, ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇಂಥವರು ಜೀವಮಾನಕ್ಕೊಮ್ಮೆ ಬಿಟ್ಟುಕೊಡುತ್ತಾರೆ; ಪಡೆದವರಿಗೆ ಅದರ ರುಚಿ ನಾಲಗೆಯಲ್ಲೇ ಉಳಿಯುತ್ತದೆ.