ಹೋದ ವರ್ಷದಷ್ಟೇ

"ಈ ಗೆರೆ ಮಾತ್ರ ಯಾಕ್ರೀ ಹೀಗೆ ಕಾಲು ಚಾಚ್ಕೊಂಡು ಮಲಗಿದೆ ಅಂತ ಸಾಹೇಬ್ರು ಕೇಳ್ತಿದ್ರು" ಎಂದಳು ಆಕಳಮ್ಮ.

ಪ್ರಪಂಚದ ದನ, ಎಮ್ಮೆಗಳೆಲ್ಲ ಕಚೇರಿಯ ಗೋಡೆಯ ಮೇಲೆ ಬಣ್ಣದ ಗೆರೆಗಳಾಗಿದ್ದವು. ಕಾಡು ಕಡಿದ ಖಂಡದಲ್ಲಿ ದನದ ಗೆರೆ ವರ್ಷವರ್ಷಕ್ಕೆ ಏರಿತ್ತು. ಟ್ರ್ಯಾಕ್ಟರು ಹೊಕ್ಕ ಕಡೆ ಇಳಿದಿತ್ತು. ಜೌಗು ಸೀಮೆಯ ಎಮ್ಮೆಗಳ ಗೆರೆ ಮಾತ್ರ ಏರಿರಲಿಲ್ಲ, ಇಳಿದಿರಲಿಲ್ಲ. ದನದ ಲೆಕ್ಕ ನೋಡಿಕೊಳ್ಳುವ ಅವಳಿಗೆ ಆಕಳಮ್ಮ ಎಂದೂ ಎಮ್ಮೆಯ ಲೆಕ್ಕ ಬರೆಯುವ ಪಕ್ಕದ ಮೇಜಿನವನಿಗೆ ಎಮ್ಮೆರಾಯ ಎಂದೂ ಹೆಸರಿಟ್ಟವರು ಯಾರೋ, ಇಬ್ಬರಿಗೂ ಅದು ಅಂಟಿಕೊಂಡುಬಿಟ್ಟಿತ್ತು.

"ಅಲ್ಲಿಂದ ಲೆಕ್ಕ ಬರಲ್ವಲ್ಲ. ಹೋದ ವರ್ಷದಷ್ಟೇ ಅಂತ ಹಾಕ್ತಾ ಬಂದಿದೀನಿ" ಎಂದ ಎಮ್ಮೆರಾಯ.

ಅದು ಕಚೇರಿಯ ಪದ್ಧತಿ. ಲೆಕ್ಕ ಬಾರದ ಸೀಮೆಗೆ ಹಿಂದಿನ ವರ್ಷದ ಸಂಖ್ಯೆಯನ್ನೇ ಹಾಕಿ ಪಕ್ಕದಲ್ಲೊಂದು ಚುಕ್ಕೆ ಇಡುವುದು. ಚುಕ್ಕೆ ಎಂದರೆ ಗೊತ್ತಿಲ್ಲ ಎಂದು. ಸುದ್ದಿ ಇಲ್ಲವೆಂದು ಯಾರನ್ನೂ ಸಾಯಿಸಬಾರದಷ್ಟೆ.

ಅವನ ತಂಗಿಯನ್ನು ಕೊಟ್ಟಿದ್ದು ಆ ಜೌಗು ಸೀಮೆಗೇ. ಚಿಕ್ಕವಳಿದ್ದಾಗ ಹಸುವೊಂದು ಹಾಯ್ದು ಗದ್ದ ಸೀಳಿತ್ತು. ಅಂದಿನಿಂದ ಅವಳು ಹಸುವಿನ ನೆರಳಿಗೂ ಹೋದವಳಲ್ಲ. ಗಂಡನ ಮನೆಯಲ್ಲಿ ಕೆಸರು ತುಂಬ ಎಮ್ಮೆಗಳನ್ನು ಕಂಡು ಹಿರಿಹಿರಿ ಹಿಗ್ಗಿದ್ದಳು. "ಎಮ್ಮೆ ಇರೋವರೆಗೂ ನಾನು ಇಲ್ಲಿಂದ ಕದಲಲ್ಲ ಕಣೋ ಅಣ್ಣ" ಎಂದು ಫೋನಿನಲ್ಲಿ ನಗುತ್ತಿದ್ದಳು. ಆಮೇಲೆ ಅಲ್ಲಿ ಗಲಭೆಯಾಯಿತು, ಫೋನು ನಿಂತುಹೋಯಿತು.

ಅಮ್ಮ ಸಂಜೆಯಾದರೆ ಸುದ್ದಿ ಕೇಳುವಳು. "ಹೋದ ವರ್ಷದ ಹಾಗೇ ಇದಾಳಮ್ಮ" ಎಂದು ಇವನು ಕಚೇರಿಯ ಮಾತನ್ನೇ ಮನೆಗೂ ತಂದಿದ್ದ. ಅಮ್ಮ ಅಷ್ಟಕ್ಕೇ ಸಮಾಧಾನಪಟ್ಟು, ಮಗಳ ಎಮ್ಮೆಗೆಂದು ಶುರುಮಾಡಿದ್ದ ಕೊರಳ ಹಗ್ಗವನ್ನು ಮತ್ತೆ ಕೈಗೆತ್ತಿಕೊಳ್ಳುತ್ತಿದ್ದಳು.

"ಲೆಕ್ಕ ಬಂದಿದೆ ಕಣ್ರೀ" ಎಂದಳು ಆಕಳಮ್ಮ. ಬೇರೆ ದಿನವಾಗಿದ್ದರೆ ನಿಮ್ಮದು ಎಮ್ಮೆ ಚರ್ಮ ಎಂದೋ ಏನೋ ಛೇಡಿಸುತ್ತಿದ್ದಳು. "ನನ್ನ ದನದ ಲೆಕ್ಕದ ಜೊತೇಲೇ ಬಂತು. ಜೌಗೆಲ್ಲ ಒಣಗಿಸಿ ಹುಲ್ಲುಗಾವಲು ಮಾಡಿದಾರಂತೆ. ದನ ತುಂಬಾ ಏರಿದೆ."

"ಎಮ್ಮೆ?"

"ಒಂದೂ ಇಲ್ಲ."

"ತಪ್ಪಿರಬೇಕು. ಇನ್ನೊಂದ್ಸಲ ಕೇಳೋಣ. ಈ ವರ್ಷಕ್ಕೂ ಚುಕ್ಕೆ ಇರಲಿ."

"ಕೇಳಿದೆ. ನಿಮ್ಮ ತಂಗಿ ಅಲ್ಲೇ ಇರೋದು ಅಂತ ನಂಗೊತ್ತಿಲ್ವಾ? ಅಲ್ಲಿದ್ದ ಜನ ಎಲ್ಲಿಗೆ ಹೋದ್ರು ಅಂತಾನೂ ಕೇಳಿದೆ."

"ಏನಂದ್ರು?"

"ಜನರ ಲೆಕ್ಕ ನಮ್ಮದಲ್ಲ ಅಂದ್ರು."

ಬಂದ ಲೆಕ್ಕವನ್ನು ಬಾರದ ಲೆಕ್ಕ ಎನ್ನುವುದಕ್ಕೆ ಅವನಿಗೆ ಬಾಯಿ ಬರಲಿಲ್ಲ. ಚುಕ್ಕೆಯನ್ನು ಅಳಿಸಿ ಸೊನ್ನೆ ಹಾಕಿದ. ಸ್ಟೂಲು ಹತ್ತಿ ಗೋಡೆಯ ಮೇಲಿನ ಗೆರೆಯನ್ನು ಕೆಳಕ್ಕೆ ಎಳೆಯುವಾಗ ಬಣ್ಣ ಪಕ್ಕದ ಗೆರೆಗೂ ತಾಗಿತು. ಸ್ಟೂಲು ಹಿಡಿದು ನಿಂತಿದ್ದ ಆಕಳಮ್ಮ, "ಇರಲಿ ಬಿಡಿ, ನಾನು ಒರೆಸ್ತೀನಿ" ಎಂದಳು. ಅವಳ ಕಣ್ಣು ತುಂಬಿತ್ತು.

ಮನೆಯಲ್ಲಿ ಅಮ್ಮ ಹೊಸ್ತಿಲ ಬಳಿ ಹಗ್ಗ ಹೊಸೆಯುತ್ತಾ ಕುಳಿತಿದ್ದಳು. ಅವನು ಚಪ್ಪಲಿ ಬಿಡುವ ಮೊದಲೇ, "ಏನಂತೋ?" ಎಂದಳು.

ಹೋದ ವರ್ಷದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ನುಂಗಿಕೊಂಡ.

"ಲೆಕ್ಕ ಬಂತಮ್ಮ. ಅಲ್ಲಿ ಈಗ ಎಮ್ಮೆ ಇಲ್ವಂತೆ. ಎಲ್ಲಾ ಕಡೆ ಹಸೂನೇ ಕಟ್ತಿದಾರಂತೆ."

ಅಮ್ಮನ ಬೆರಳು ನಿಂತವು. ಮಗಳ ಗದ್ದದ ಗಾಯಕ್ಕೆ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಓಡಿದವಳು ಅವಳೇ. ಕೈಯಲ್ಲಿದ್ದ ಹಗ್ಗದ ದಪ್ಪವನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಹಾಗಾದ್ರೆ ಇವಳೂ ಹಸೂನೇ ಕಟ್ಟಿರ್ತಾಳೆ" ಎಂದಳು ಕೊನೆಗೆ. "ಹಸುವಿನ ಕೊರಳಿಗೆ ಇಷ್ಟು ದಪ್ಪ ಆಗಲ್ಲ. ಆ ತುದಿ ಹಿಡ್ಕೋ ಬಾ."

ಅವನು ಎದುರಿಗೆ ಕುಳಿತು ತುದಿ ಹಿಡಿದುಕೊಂಡ. ಅಮ್ಮ ಹೊಸೆದಿದ್ದ ಹಗ್ಗವನ್ನು ಬಿಚ್ಚಿ, ಒಂದು ಎಳೆಯನ್ನು ಹೊರಗೆ ತೆಗೆದು, ಉಳಿದವನ್ನು ಮತ್ತೆ ಹೊಸೆಯತೊಡಗಿದಳು.